ಪರಾಂಬರಿಸಿ ನೋಡು



ರಾಜ್ಯೋತ್ಸವದ ವೇದಿಕೆಯಿಂದ ಮಾತನಾಡತಕ್ಕವರು ಪಂಡಿತರು, ಪ್ರಾಧ್ಯಾಪಕರು. ಈ ಸಲ ನಮ್ಮ ಕಾರ್ಯದರ್ಶಿಗಳು, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ನೋಟೆಣಿಸುವ ಗುಮಾಸ್ತನನ್ನು ಎಬ್ಬಿಸಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ಟೆಲಿವಿಷನ್ನಿನ ಸುದ್ದಿಯಲ್ಲಿ ಸತ್ಯವೆಷ್ಟು, ಸುಳ್ಳೆಷ್ಟು ಎಂಬ ವಿಷಯವನ್ನು ಗೊತ್ತು ಮಾಡಿದವರೂ ಅವರೇ. ನಾವು ಓದಿದ್ದು ಬಿ.ಕಾಂ. ಪತ್ರಿಕೋದ್ಯಮದ ಗಾಳಿಗಂಧ ನಮಗಿಲ್ಲ. ಆದರೆ ಸುದ್ದಿಯನ್ನು ಬೇಯಿಸುವವರಿಗಿಂತ ಉಣ್ಣುವವರ ಸಂಖ್ಯೆ ದೊಡ್ಡದು; ಉಣ್ಣುವವನಿಗೂ ಹುಳಿ ಉಪ್ಪು ಹೇಳುವ ಹಕ್ಕುಂಟಷ್ಟೆ. ಆ ಹಕ್ಕಿನಿಂದ ನಾಲ್ಕು ಮಾತು ಹೇಳುತ್ತೇವೆ. ಕೊನೆಯಲ್ಲಿ ನಮ್ಮದೇ ಒಂದು ತಪ್ಪನ್ನು ಈ ಸಭೆಗೆ ಒಪ್ಪಿಸುವುದೂ ಇದೆ.

ಹೊರನಾಡಿನಲ್ಲಿರುವ ನಮಗೆ ಕನ್ನಡದ ಟೆಲಿವಿಷನ್ನು ಬರಿಯ ಮನರಂಜನೆಯಲ್ಲ. ಅದು ಊರಿನ ಕಡೆಗೆ ತೆರೆದ ಕಿಟಕಿ. ಮಂಡ್ಯದಲ್ಲಿ ಮಳೆಯಾಯಿತೆ, ಕನ್ನಂಬಾಡಿ ಕಟ್ಟೆಗೆ ನೀರೆಷ್ಟು ಬಂತು ಎಂದು ತಿಳಿಯಲು ನಾವು ಆ ಕಿಟಕಿಯಲ್ಲಿ ಇಣುಕುತ್ತೇವೆ. ಊರಿನವರೂ ನಮ್ಮ ಕ್ಷೇಮವನ್ನು ಅದರಿಂದಲೇ ಅಳೆಯುತ್ತಾರೆ. ಆದ್ದರಿಂದ ಕಿಟಕಿಯ ಗಾಜು ಸೊಟ್ಟಗಿದ್ದರೆ ಇತರರಿಗಿಂತ ನಮಗೆ ಕೇಡು ಹೆಚ್ಚು. ಇದನ್ನು ನಾವು ಕಲಿತದ್ದು ೨೦೧೬ನೆಯ ಇಸವಿಯ ಎರಡು ಸಂದರ್ಭಗಳಲ್ಲಿ.

ಮೊದಲನೆಯದು ೨೦೧೬ರ ಸೆಪ್ಟೆಂಬರ್ ೧೨, ಸೋಮವಾರ. ಇಲ್ಲಿರುವ ಹಲವರಿಗೆ ಆ ದಿನ ಮರೆತಿರಲಾರದು. ಅದಕ್ಕೆ ಒಂದು ವಾರ ಹಿಂದೆ, ತಮಿಳುನಾಡಿಗೆ ದಿನಕ್ಕೆ ೧೫,೦೦೦ ಕ್ಯುಸೆಕ್ಕಿನಂತೆ ಹತ್ತು ದಿನ ಕಾವೇರಿ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತ್ತು. ಆ ಸೋಮವಾರ ಅದನ್ನು ೧೨,೦೦೦ಕ್ಕೆ ಇಳಿಸಿ, ಸೆಪ್ಟೆಂಬರ್ ೨೦ರವರೆಗೆ ಬಿಡಬೇಕೆಂದು ತಿದ್ದಿತು. ಸಂಜೆಯ ಹೊತ್ತಿಗೆ ಬೆಂಗಳೂರು ಹೊತ್ತಿಕೊಂಡಿತು.

ನಾವು ಆಗ ಪೆರಂಬೂರಿನ ಒಂದು ಬೀದಿಯಲ್ಲಿ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಕೆಳಗೆ ಮನೆಯೊಡೆಯರು, ರೈಲ್ವೆಯಿಂದ ನಿವೃತ್ತರಾದ ತಮಿಳರು, ಮನ್ನಾರ್‌ಗುಡಿಯ ಕಡೆಯವರು, ಗದ್ದೆಯುಳ್ಳವರು. ನಮ್ಮ ಊರು ಮಂಡ್ಯದ ಸೀಮೆ, ವಿಶ್ವೇಶ್ವರಯ್ಯ ನಾಲೆಯ ಬಯಲು. ಅಂದರೆ ಒಂದೇ ಹೊಳೆಯ ನೀರು ಕುಡಿದ ಎರಡು ಸಂಸಾರಗಳು ಒಂದೇ ಮನೆಯ ಮೇಲೆ ಕೆಳಗೆ ವಾಸವಾಗಿದ್ದವು. ನಮ್ಮ ಅವ್ವ ಆ ತಿಂಗಳು ಮೊಮ್ಮಗುವನ್ನು ನೋಡಲು ಬಂದಿದ್ದಳು.

ನಾವು ಬ್ಯಾಂಕಿನಿಂದ ಬರುವ ಹೊತ್ತಿಗೆ ಅವ್ವ ಟೆಲಿವಿಷನ್ನಿನ ಮುಂದೆ ಕಲ್ಲಾಗಿ ಕುಳಿತಿದ್ದಳು. ಬಸ್ಸುಗಳು ಉರಿಯುತ್ತಿದ್ದವು. “ನೂರಕ್ಕೂ ಮೇಲಾತು ಕಣಪ್ಪ, ಇನ್ನೂ ಸುಡ್ತಾನೆ ಅವ್ರೆ,” ಎಂದಳು. ನಾವೂ ಕುಳಿತೆವು. ಸ್ವಲ್ಪ ಹೊತ್ತು ನೋಡಿದ ಮೇಲೆ ಒಂದು ಸಂಗತಿ ಹೊಳೆಯಿತು. ಉರಿಯುವ ಸಾಲಿನ ಮುಂದೆ ಒಂದು ಸೈಕಲ್ಲು ಮಗುಚಿ ಬಿದ್ದಿತ್ತು. ಕಾಲು ಗಂಟೆಯಾದ ಮೇಲೂ ಅದೇ ಸೈಕಲ್ಲು. ಅರ್ಧ ಗಂಟೆಯಾದ ಮೇಲೆ ಬೇರೆ ಮಗ್ಗುಲಿನಿಂದ ಅದೇ ಸೈಕಲ್ಲು. ಒಂದು ಡಿಪೋವಿನಲ್ಲಿ ಸುಟ್ಟ ಸುಮಾರು ೪೦ ಬಸ್ಸುಗಳನ್ನು ನಮ್ಮ ಅವ್ವ ಪ್ರತಿ ಸಲವೂ ಹೊಸದಾಗಿ ಎಣಿಸಿದ್ದಳು. ಚಿತ್ರದಲ್ಲಿ ಸುಳ್ಳಿರಲಿಲ್ಲ. ಆದರೆ ಒಂದೇ ವೋಚರನ್ನು ಹತ್ತು ಸಲ ಖಾತೆಗೆ ಹಾಕಿದರೆ ಮೊತ್ತ ಸುಳ್ಳಾಗುವುದಿಲ್ಲವೆ?

ಅಷ್ಟರಲ್ಲಿ ಊರಿನಿಂದ ದೊಡ್ಡಪ್ಪನ ಫೋನು. “ಅದೇನ್ಲಾ, ಮದ್ರಾಸ್ನಲ್ಲಿ ನಮ್ಮೋರ್ನ ಮನೆಗ್ ನುಗ್ಗಿ ಹೊಡೀತಾವ್ರಂತೆ? ಟಿವೀಲಿ ಬತ್ತಾ ಅದೆ!” ನಾವು ಕಿಟಕಿಯಿಂದ ಹಣಕಿ ನೋಡಿದೆವು. ಬೀದಿಯಲ್ಲಿ ಹುಡುಗರು ಆಡುತ್ತಿದ್ದರು. ಮೂಲೆಯ ಅಂಗಡಿಯಲ್ಲಿ ಇಡ್ಲಿ ಹಿಟ್ಟಿಗೆ ನಾಲ್ಕು ಜನ ನಿಂತಿದ್ದರು. ಆ ದಿನ ಬೆಳಗಿನ ಜಾವ ಮೈಲಾಪುರದಲ್ಲಿ ಕನ್ನಡಿಗರೊಬ್ಬರ ಹೋಟೆಲಿನ ಮೇಲೆ ಕೆಲವರು ಪೆಟ್ರೋಲ್ ಬಾಂಬು ಎಸೆದದ್ದು ನಿಜ. ರಾಮೇಶ್ವರದಲ್ಲಿ ಕರ್ನಾಟಕದ ವಾಹನಗಳಿಗೆ ಏಟು ಬಿದ್ದದ್ದೂ ನಿಜ. ಆದರೆ ಮನೆಮನೆಗೆ ನುಗ್ಗಿದ್ದು ಎಲ್ಲಿ? ಎಷ್ಟೋ ದಿನದ ಮೇಲೆ ದೊಡ್ಡಪ್ಪನನ್ನು ಕೇಳಿದಾಗ ನಿಜ ಹೊರಬಿತ್ತು. ಪರದೆಯ ಮೇಲೆ ಬಂದದ್ದು ಇಷ್ಟೆ: ‘ಚೆನ್ನೈನಲ್ಲಿ ಕನ್ನಡಿಗರು ಸುರಕ್ಷಿತವೆ?’ ವಾಹಿನಿಯವರು ಪ್ರಶ್ನೆ ಹಾಕಿದ್ದರು. ದೊಡ್ಡಪ್ಪ ಅದರಲ್ಲಿ ಉತ್ತರ ಕೇಳಿಸಿಕೊಂಡಿದ್ದ. ಪ್ರಶ್ನೆಯ ಚಿಹ್ನೆಯೊಂದಿದ್ದರೆ ಯಾವ ಮಾತಿಗೂ ಯಾರೂ ಹೊಣೆಯಾಗಬೇಕಾಗಿಲ್ಲ ಎಂಬುದು ಈ ಕಾಲದ ಒಂದು ಜಾಣತನ.

ರಾತ್ರಿ ಎಂಟರ ಸುಮಾರಿಗೆ ಯಾರೋ ಬಾಗಿಲು ಬಡಿದರು. ಅವ್ವ ಮಗುವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಸರಿದು, “ಬಾಗ್ಲು ತೆಗೀಬ್ಯಾಡ ಕಣಪ್ಪ,” ಎಂದಳು. ನಿಜ ಹೇಳುತ್ತೇವೆ, ನಮ್ಮ ಕೈಯೂ ಚಿಲಕದ ಮೇಲೆ ಒಂದು ಕ್ಷಣ ನಿಂತಿತು. ಎರಡು ವರ್ಷದಿಂದ ದಿನ ಬೆಳಗಾದರೆ ಕಂಡ ನೆರೆಯವರ ಬಡಿತಕ್ಕೆ ನಾವು ಅಂಜಿದೆವು. ತೆರೆದರೆ, ಮನೆಯೊಡೆಯರು. ಅವರ ಮುಖ ನಮ್ಮ ಅವ್ವನ ಮುಖಕ್ಕಿಂತ ಬಿಳಿಚಿತ್ತು. “ತಂಬಿ, ಮಗ ಬೆಂಗಳೂರಿನಲ್ಲಿ ಬಿ.ಟಿ.ಎಂ. ಬಡಾವಣೆಯಲ್ಲಿದ್ದಾನೆ. ಮೂರು ಗಂಟೆಯಿಂದ ಫೋನು ಹತ್ತುತ್ತಿಲ್ಲ. ಟಿವಿಯಲ್ಲಿ ನೋಡಲಾಗುತ್ತಿಲ್ಲ. ನಿಮ್ಮವರು ಯಾರಾದರೂ ಅಲ್ಲಿದ್ದಾರೆಯೆ?” ಎಂದರು. ಅವರು ತಮಿಳಿನ ವಾಹಿನಿ ನೋಡುತ್ತಿದ್ದರು. ಅಲ್ಲಿಯೂ ಅವೇ ಬಸ್ಸುಗಳು, ಅದೇ ಬೆಂಕಿ. ಮೇಲಿನ ಮನೆ ಕೆಳಗಿನದಕ್ಕೂ, ಕೆಳಗಿನದು ಬೆಂಗಳೂರಿಗೂ ಹೆದರಿ ಕುಳಿತಿದ್ದವು.

ನಮ್ಮ ಅಕ್ಕನ ಗಂಡ ಆ ಬಡಾವಣೆಯ ಹತ್ತಿರವೇ ಇದ್ದರು. ಫೋನು ಮಾಡಿದೆವು. ಭಾವ ಏನೂ ಮಾತನಾಡದೆ ಚಪ್ಪಲಿ ಮೆಟ್ಟಿ ಹೊರಟರು. ಒಂಬತ್ತೂವರೆಗೆ ಆ ಹುಡುಗನೇ ಭಾವನ ಫೋನಿನಿಂದ ಮಾತನಾಡಿದ. ಅವನ ಫೋನು ಕಚೇರಿಯಲ್ಲಿಯೇ ಉಳಿದುಹೋಗಿತ್ತಂತೆ. ಕೋಣೆಯ ಜೊತೆಗಾರ ಹಾಸನದವನೊಬ್ಬ ಕಲಸಿದ ಮೊಸರನ್ನ ತಿನ್ನುತ್ತಾ ಕುಳಿತಿದ್ದನಂತೆ. ಮನೆಯೊಡೆಯರು ನಮ್ಮ ಹಜಾರದ ನೆಲದ ಮೇಲೆ ಕುಳಿತುಬಿಟ್ಟರು. ಅವ್ವ ಕೋಣೆಯಿಂದ ಹೊರಗೆ ಬಂದು, ಅವರಿಗೆ ಅರ್ಥವಾಗದ ಮಂಡ್ಯದ ಕನ್ನಡದಲ್ಲಿ ಸಮಾಧಾನ ಹೇಳಿ ಕಾಫಿ ಕೊಟ್ಟಳು. ಟೆಲಿವಿಷನ್ನು ಆರಿಸಿದ್ದು ಯಾರೆಂದು ಈಗ ನೆನಪಿಲ್ಲ.

ಆ ರಾತ್ರಿಯ ಹಿಂಸೆ ಸುಳ್ಳೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ೧೬ ಪೊಲೀಸ್ ಠಾಣೆಗಳ ಸರಹದ್ದಿನಲ್ಲಿ ಕರ್ಫ್ಯೂ ಹಾಕಬೇಕಾಯಿತು. ಪೊಲೀಸರ ಗುಂಡಿಗೆ ಒಂದು ಜೀವ ಹೋಯಿತು. ಅದು ತಿಳಿಯಬೇಕಾದ ಸುದ್ದಿ. ಆದರೆ ತಿಳಿಯಬೇಕಾಗಿದ್ದು ಇನ್ನೂ ಇತ್ತು. ಒಂದು ಕ್ಯುಸೆಕ್ಕೆಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ ೮೬,೪೦೦ ಸೆಕೆಂಡು. ಹನ್ನೆರಡು ಸಾವಿರ ಕ್ಯುಸೆಕ್ಕು ಒಂದು ದಿನ ಹರಿದರೆ ಒಂದು ಟಿ.ಎಂ.ಸಿ.ಗಿಂತ ತುಸು ಹೆಚ್ಚು. ಕೋರ್ಟಿನ ತಿದ್ದುಪಡಿಯಲ್ಲಿ ದಿನದ ಪ್ರಮಾಣ ಇಳಿದಿತ್ತು, ದಿನಗಳ ಸಂಖ್ಯೆ ಏರಿತ್ತು. ‘ನೀರು ಇಳಿಸಿದರು’ ಎಂದಷ್ಟೇ ಹೇಳಿದರೂ ನಿಜ. ‘ಇನ್ನಷ್ಟು ದಿನ ಬಿಡಬೇಕು’ ಎಂದಷ್ಟೇ ಹೇಳಿದರೂ ನಿಜ. ಎರಡನ್ನೂ ಕೂಡಿಸಿ ಹೇಳಿದರೆ ಮಾತ್ರ ಅದು ಸುದ್ದಿ. ಆ ವರ್ಷ ಮಳೆ ಸೋತು, ವಾಡಿಕೆಯಂತೆ ಜೂನ್ ೧೨ಕ್ಕೆ ತೆರೆಯಬೇಕಾದ ಮೆಟ್ಟೂರು ಅಣೆಯ ತೂಬು ತೆರೆದಿರಲಿಲ್ಲ. ನಮ್ಮ ಕನ್ನಂಬಾಡಿಯೂ ೧೨೪.೮೦ ಅಡಿಯ ತುಂಬು ಮಟ್ಟಕ್ಕೆ ಬಹಳ ಕೆಳಗಿತ್ತು. ಇಬ್ಬರ ಗದ್ದೆಯೂ ಬಾಯಿ ಬಿಟ್ಟಿತ್ತು. ಈ ಲೆಕ್ಕವನ್ನು ಆ ರಾತ್ರಿ ನಮ್ಮ ಮನೆಯ ಎರಡು ಟೆಲಿವಿಷನ್ನುಗಳಲ್ಲಿ ಒಂದೂ ಹೇಳಲಿಲ್ಲ. ಬೆಂಕಿಗೆ ಚಿತ್ರವುಂಟು; ಲೆಕ್ಕಕ್ಕೆ ಚಿತ್ರವಿಲ್ಲ.

ಮುಂದೆ ೨೦೧೮ರ ಫೆಬ್ರವರಿ ೧೬ರಂದು ಅಂತಿಮ ತೀರ್ಪು ಬಂತು. ಕರ್ನಾಟಕಕ್ಕೆ ೨೮೪.೭೫ ಟಿ.ಎಂ.ಸಿ., ತಮಿಳುನಾಡಿಗೆ ೪೦೪.೨೫, ಮಾಮೂಲು ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನ ಅಳತೆಯ ಕಟ್ಟೆಯಲ್ಲಿ ೧೭೭.೨೫ ಟಿ.ಎಂ.ಸಿ. ಹರಿಯಬೇಕು. ಅಷ್ಟನ್ನು ಒಂದು ಅಂಚೆಕಾರ್ಡಿನಲ್ಲಿ ಬರೆಯಬಹುದು. ಆ ದಿನ ಮನೆಯೊಡೆಯರೂ ನಾವೂ ಒಟ್ಟಿಗೆ ಕುಳಿತು ಕಾಗದದ ಮೇಲೆ ಅದನ್ನು ಬರೆದುಕೊಂಡೆವು. ಅವರಿಗೆ ಸ್ವಲ್ಪ ಬೇಸರವಾಯಿತು, ನಮಗೆ ಸ್ವಲ್ಪ ಸಮಾಧಾನವಾಯಿತು. ಬಾಗಿಲಿಗೆ ಮಾತ್ರ ಯಾರೂ ಅಂಜಲಿಲ್ಲ.

ಇನ್ನು ಎರಡನೆಯ ಸಂದರ್ಭ. ೨೦೧೬ರ ನವೆಂಬರ್ ೮ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ಮರುದಿನ ಬ್ಯಾಂಕುಗಳಿಗೆ ಬಾಗಿಲು. ಅದರ ಮರುದಿನ, ೧೦ರಂದು, ಕೌಂಟರಿನ ಮುಂದೆ ಬೀದಿಯ ಕೊನೆಯವರೆಗೆ ಸಾಲು. ಈ ನಡುವೆ ಕೆಲವು ಹಿಂದಿ ವಾಹಿನಿಗಳು ಒಂದು ವಿಶೇಷವನ್ನು ಬಿತ್ತರಿಸಿದ್ದವು. ಹೊಸ ಎರಡು ಸಾವಿರದ ನೋಟಿನಲ್ಲಿ ಸೂಕ್ಷ್ಮವಾದ ಚಿಪ್ಪೊಂದಿದೆ; ಅದು ಉಪಗ್ರಹದೊಡನೆ ಮಾತನಾಡುತ್ತದೆ; ೧೨೦ ಮೀಟರು ಆಳದಲ್ಲಿ ಹೂತಿಟ್ಟರೂ ಸರ್ಕಾರಕ್ಕೆ ಪತ್ತೆಯಾಗುತ್ತದೆ. ಗ್ರಾಫಿಕ್ಸುಗಳ ಮೂಲಕ ಅದನ್ನು ತೋರಿಸಿಯೂ ಬಿಟ್ಟರು.

ನಮ್ಮ ಕೌಂಟರಿಗೆ ಹೂ ಮಾರುವ ಅಜ್ಜಿಯೊಬ್ಬಳು ಬಂದಳು. ಸೆರಗಿನ ಗಂಟಿನಲ್ಲಿ ಐನೂರರ ಎಂಟು ನೋಟು. ಆ ದಿನದ ಮಿತಿ ನಾಲ್ಕು ಸಾವಿರ. ನಾವು ಎರಡು ಸಾವಿರದ ಎರಡು ನೋಟು ಕೊಟ್ಟೆವು. ಅಜ್ಜಿ ಮುಟ್ಟಲೊಲ್ಲಳು. “ಇದು ಬೇಡ ಸಾರ್. ಮೊಮ್ಮಗಳ ಮದುವೆಗೆ ಕೂಡಿಡುವ ದುಡ್ಡು. ಎಲ್ಲಿಟ್ಟರೂ ಮೇಲಿನಿಂದ ಕಾಣಿಸುತ್ತದಂತೆ,” ಎಂದಳು. ಕಷ್ಟಪಟ್ಟು ದುಡಿದ ನಾಲ್ಕು ಸಾವಿರಕ್ಕೆ ಅವಳು ಕಳ್ಳಿಯಂತೆ ನಡುಗುತ್ತಿದ್ದಳು. ನಾವು ನೋಟನ್ನು ಬೆಳಕಿಗೆ ಹಿಡಿದು ಜಲಚಿಹ್ನೆ ತೋರಿಸಿದೆವು. ವಾಲಿಸಿದರೆ ಹಸಿರಿನಿಂದ ನೀಲಿಗೆ ತಿರುಗುವ ಭದ್ರತೆಯ ದಾರ ತೋರಿಸಿದೆವು. ಇದಿಷ್ಟೇ ಅಮ್ಮಾ, ಬೇರೇನೂ ಇಲ್ಲ ಎಂದೆವು. ಅಜ್ಜಿ ನಮ್ಮ ಮುಖ ನೋಡಿ, “ಹಾಗಾದರೆ ಟಿವಿಯವರು ಸುಳ್ಳು ಹೇಳುತ್ತಾರಾ ಸಾರ್?” ಎಂದಳು. ಹಿಂದಿನಿಂದ ಸಾಲು ನೂಕುತ್ತಿತ್ತು. ನಾವು ಉತ್ತರ ಕೊಡಲಿಲ್ಲ.

ಉತ್ತರ ಸುಲಭವಾಗಿತ್ತು. ರಿಸರ್ವ್ ಬ್ಯಾಂಕು ಪ್ರಕಟಿಸಿದ ಲಕ್ಷಣಗಳ ಪಟ್ಟಿಯಲ್ಲಿ ಚಿಪ್ಪಿನ ಮಾತೇ ಇರಲಿಲ್ಲ. ಆಮೇಲೆ ಅದನ್ನು ಬಾಯಿಬಿಟ್ಟು ಅಲ್ಲಗಳೆಯಿತು ಕೂಡ. ಅಷ್ಟೇಕೆ, ಜಿ.ಪಿ.ಎಸ್. ಎಂಬುದು ಉಪಗ್ರಹದ ಸಂಕೇತವನ್ನು ಕೇಳುವ ಕಿವಿ; ಅದಕ್ಕೆ ಬಾಯಿಲ್ಲ. ಕೇಳಿದ್ದನ್ನು ಮರಳಿ ಹೇಳಬೇಕಾದರೆ ಬೇರೊಂದು ಯಂತ್ರ ಬೇಕು, ಅದಕ್ಕೆ ವಿದ್ಯುತ್ತು ಬೇಕು. ನೋಟಿನಲ್ಲಿ ಬ್ಯಾಟರಿ ಎಲ್ಲಿ? ಮನೆಯ ನೆಲಮಾಳಿಗೆಯಲ್ಲಿಯೇ ಆ ಸಂಕೇತ ಸೋತುಹೋಗುವಾಗ, ೧೨೦ ಮೀಟರು ಮಣ್ಣನ್ನು ಭೇದಿಸುವುದೆಂತು? ಆ ನೋಟು ಅಚ್ಚಾಗುತ್ತಿದ್ದ ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿಯೇ ಇದೆ. ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡದ್ದು. ಕನ್ನಡಿಗರ ಊರಿನಲ್ಲಿ ಅಚ್ಚಾಗಿ, ಕನ್ನಡದ ಅಕ್ಷರ ಹೊತ್ತು ಬಂದ ಕಾಗದದ ವಿಷಯದಲ್ಲಿಯೇ ನಾವು ಮೋಸಹೋದೆವು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ! ೨೦೨೩ರ ಮೇ ೧೯ರಂದು ರಿಸರ್ವ್ ಬ್ಯಾಂಕು ಆ ನೋಟನ್ನು ಚಲಾವಣೆಯಿಂದ ಹಿಂದಕ್ಕೆ ಕರೆಯಿತು. ಅದುವರೆಗೆ ಒಂದು ನೋಟೂ ಉಪಗ್ರಹದೊಡನೆ ಒಂದು ಮಾತೂ ಆಡಲಿಲ್ಲ.

ಇದೆಲ್ಲ ಹೇಗಾಗುತ್ತದೆ? ಸುದ್ದಿಯ ವ್ಯಾಪಾರಕ್ಕೂ ಒಂದು ಲೆಕ್ಕದ ಪುಸ್ತಕವಿದೆ. ಎಷ್ಟು ಮನೆಯವರು ಯಾವ ವಾಹಿನಿ ನೋಡಿದರು ಎಂಬುದನ್ನು ಬಾರ್ಕ್ ಎಂಬ ಸಂಸ್ಥೆ ಮೀಟರು ಇಟ್ಟು ಅಳೆಯುತ್ತದೆ. ೨೦೨೦ರಲ್ಲಿ ಅಂಥ ಮೀಟರಿದ್ದದ್ದು ಸುಮಾರು ೪೪,೦೦೦ ಮನೆಗಳಲ್ಲಿ; ಟೆಲಿವಿಷನ್ನು ಇದ್ದ ಮನೆಗಳು ಸುಮಾರು ೨೦ ಕೋಟಿ. ಅಂದರೆ ಒಂದು ಮನೆ ನಾಲ್ಕೂವರೆ ಸಾವಿರ ಮನೆಗಳ ಪರವಾಗಿ ಸಾಕ್ಷಿ ಹೇಳುತ್ತದೆ. ಜಾಹೀರಾತಿನ ಹಣ ಹರಿಯುವುದು ಆ ಸಾಕ್ಷಿಯ ಮೇಲೆ. ಮೀಟರಿನ ಮನೆಗಳಿಗೆ ಹಣ ಕೊಟ್ಟು ಎಣಿಕೆ ಏರಿಸಿದರೆಂದು ಅದೇ ವರ್ಷ ಮುಂಬಯಿಯ ಪೊಲೀಸರು ಆಪಾದಿಸಿದರು. ಸುದ್ದಿವಾಹಿನಿಗಳ ಎಣಿಕೆ ನಿಂತು, ೨೦೨೨ರ ಮಾರ್ಚಿಯಲ್ಲಿ ಮತ್ತೆ ಮೊದಲಾಯಿತು. ಮೊಕದ್ದಮೆ ೨೦೨೪ರಲ್ಲಿ ಹಿಂದೆಗೆಯಲ್ಪಟ್ಟಿತು. ಆದುದರಿಂದ ಯಾರನ್ನೂ ತಪ್ಪಿತಸ್ಥರೆನ್ನುವ ಅಧಿಕಾರ ನಮಗಿಲ್ಲ. ನಮ್ಮ ಮಾತು ಇಷ್ಟೆ: ಇಪ್ಪತ್ತನಾಲ್ಕು ಗಂಟೆ ಅಂಗಡಿ ತೆರೆದಿರಬೇಕು, ಗಿರಾಕಿ ಎದ್ದು ಹೋಗಬಾರದು ಎಂದಾದಾಗ, ತೂಕಕ್ಕಿಂತ ಕೂಗು ಮುಂದಾಗುತ್ತದೆ.

ಅದು ಹಳೆಯ ಮಾತಾಯಿತೆನ್ನಬೇಡಿ. ೨೦೨೫ರ ಮೇ ೮ರ ರಾತ್ರಿ, ಪಾಕಿಸ್ತಾನದೊಡನೆ ಕಾದಾಟ ನಡೆಯುತ್ತಿದ್ದಾಗ, ನಮ್ಮ ನೌಕಾಪಡೆ ಕರಾಚಿಯ ಬಂದರನ್ನು ನಾಶಮಾಡಿತೆಂದು ಹಲವು ವಾಹಿನಿಗಳು ಕೂಗಿದವು. ಅಂಥದ್ದು ನಡೆದೇ ಇರಲಿಲ್ಲ. ನಮ್ಮ ಸರ್ಕಾರವಾಗಲಿ ಸೇನೆಯಾಗಲಿ ಹಾಗೆ ಹೇಳಿರಲೂ ಇಲ್ಲ. ಗಡಿಯಲ್ಲಿ ಮಗನನ್ನು ಬಿಟ್ಟು ಆ ರಾತ್ರಿ ಪರದೆಯ ಮುಂದೆ ಕುಳಿತ ತಾಯಂದಿರು ನಮ್ಮ ನಾಡಿನಲ್ಲಿ, ಕೊಡಗಿನಲ್ಲಿ, ಬೆಳಗಾವಿಯ ಕಡೆಯಲ್ಲಿ ಎಷ್ಟು ಮಂದಿಯೋ. ಅವರಿಗೆ ಆ ಕೂಗು ಆಟವಾಗಿರಲಿಲ್ಲ.

ನಾವು ಗುಮಾಸ್ತರು, ನಮಗೆ ಗೊತ್ತಿರುವ ದಾರಿಯೆಂದರೆ ಲೆಡ್ಜರಿನ ದಾರಿ. ಲೆಕ್ಕದಲ್ಲಿ ಮೂರು ಬಗೆಯ ಕೇಡುಂಟು. ಕೈತಪ್ಪಿ ಬರೆದ ಅಂಕಿ ಒಂದು. ಬೇಕೆಂದು ಸೃಷ್ಟಿಸಿದ ಕಳ್ಳ ವೋಚರು ಎರಡು. ಒಂದು ಪುಟ ತೋರಿಸಿ ಇನ್ನೊಂದನ್ನು ಮುಚ್ಚಿಡುವುದು ಮೂರು. ಸುದ್ದಿಯಲ್ಲಿಯೂ ಇವೇ ಮೂರು. ಮೊದಲನೆಯದಕ್ಕೆ ಕ್ಷಮೆಯುಂಟು, ಎರಡನೆಯದಕ್ಕೆ ಶಿಕ್ಷೆಯಾಗಬೇಕು. ಮೂರನೆಯದನ್ನು ಹಿಡಿಯಲು ನೋಡುವವನಿಗೇ ಕಣ್ಣು ಬೇಕು.

ಚೆಕ್ಕು ಬಂದರೆ ನಾವು ನೋಡುವುದೇನು? ಮೊದಲು ತಾರೀಖು, ಮೂರು ತಿಂಗಳು ಮೀರಿದ ಚೆಕ್ಕಿಗೆ ಹಣವಿಲ್ಲ. ಸುದ್ದಿಯ ಚಿತ್ರಕ್ಕೂ ತಾರೀಖು ಕೇಳಿ, ಎಂದಿನದು, ಎಲ್ಲಿಯದು ಎಂದು. ಎರಡನೆಯದಾಗಿ, ಅಂಕಿಯೂ ಅಕ್ಷರವೂ ತಾಳೆಯಾಗಬೇಕು. ತಲೆಬರಹ ಹೇಳಿದ್ದನ್ನು ಒಳಗಿನ ವರದಿಯೂ ಹೇಳುತ್ತದೆಯೆ ಎಂದು ನೋಡಿ. ಮೂರನೆಯದು ರುಜು, ಯಾರು ಕಂಡವರು, ಯಾರು ಹೇಳಿದವರು? ‘ಮೂಲಗಳ ಪ್ರಕಾರ’ ಎಂಬುದು ರುಜುವಿಲ್ಲದ ಚೆಕ್ಕು. ನಾಲ್ಕನೆಯದು, ಬ್ಯಾಂಕಿನಲ್ಲಿ ಒಬ್ಬ ಬರೆದದ್ದನ್ನು ಇನ್ನೊಬ್ಬ ಪರೀಕ್ಷಿಸದೆ ಹಣ ಹೊರಡುವುದಿಲ್ಲ. ಒಂದು ವಾಹಿನಿ ಹೇಳಿದ್ದನ್ನು ಬೇರೆ ಭಾಷೆಯ ಇನ್ನೊಂದರಲ್ಲಿ ನೋಡಿ. ಹೊರನಾಡಿನ ನಮಗೆ ಎರಡು ಮೂರು ಭಾಷೆ ಬರುತ್ತದೆ. ಇದು ಊರಿನವರಿಗಿಲ್ಲದ ಭಾಗ್ಯ, ಬಳಸಿಕೊಳ್ಳೋಣ. ಇಷ್ಟಾದರೂ ತಾಳೆಯಾಗದ ಮೊತ್ತವನ್ನು ನಾವು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ. ಖಚಿತವಾಗದ ಸುದ್ದಿಗೂ ಮನಸ್ಸಿನಲ್ಲಿ ಅಂಥದೊಂದು ಖಾತೆಯಿರಲಿ. ನಂಬಲೂ ಬೇಡ, ಹಂಚಲೂ ಬೇಡ, ಕಾಯೋಣ. ತಪ್ಪು ಕಂಡರೆ ಆ ವಾಹಿನಿಗೆ ಒಂದು ಕಾಗದ ಬರೆಯೋಣ; ದೂರು ಕೇಳಬೇಕಾದುದು ಅವರ ಕರ್ತವ್ಯ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಟೆಲಿವಿಷನ್ನು ಹುಟ್ಟುವುದಕ್ಕೆ ಮೊದಲೇ.

ಇನ್ನು ನಮ್ಮ ತಪ್ಪು. ಅಜ್ಜಿಯ ಪ್ರಶ್ನೆಗೆ ನಾವು ಉತ್ತರ ಕೊಡದೆ ಹೋದದ್ದು ಸಾಲು ನೂಕುತ್ತಿದ್ದುದರಿಂದಲ್ಲ. ಅದಕ್ಕೆ ಹಿಂದಿನ ರಾತ್ರಿ, ನವೆಂಬರ್ ೯ರಂದು, ಆ ಚಿಪ್ಪಿನ ಸುದ್ದಿಯನ್ನು ಈ ಸಂಘದ ವಾಟ್ಸಾಪು ಗುಂಪಿಗೆ ಕಳುಹಿಸಿದವರು ನಾವೇ. ‘ಬ್ಯಾಂಕಿನವನಾಗಿ ಹೇಳುತ್ತಿದ್ದೇನೆ’ ಎಂಬ ಒಕ್ಕಣೆಯನ್ನೂ ಸೇರಿಸಿದ್ದೆವು. ನೋಟನ್ನು ಆಗ ಕಣ್ಣಿನಿಂದ ಕಂಡೂ ಇರಲಿಲ್ಲ. ಹಲವರು ಕೈಮುಗಿದ ಚಿತ್ರ ಕಳುಹಿಸಿ ಮೆಚ್ಚಿದ್ದರು. ಮರುದಿನ ನಿಜ ತಿಳಿಯಿತು. ತಿದ್ದುಪಡಿ ಕಳುಹಿಸಲು ನಾಚಿಕೆಯಾಗಿ ಸುಮ್ಮನಾದೆವು. ವಾಹಿನಿಯವರನ್ನು ಇಷ್ಟು ಹೊತ್ತು ಆಡಿಕೊಂಡ ನಾವು ಮಾಡಿದ್ದೂ ಅದನ್ನೇ. ತಪ್ಪನ್ನು ದೊಡ್ಡ ದನಿಯಲ್ಲಿ ಹೇಳಿ, ತಿದ್ದುಪಡಿಯ ಹೊತ್ತಿಗೆ ಮೌನವಾದೆವು.

ಬ್ಯಾಂಕಿನ ಪುಸ್ತಕದಲ್ಲಿ ತಪ್ಪು ಬರಹವನ್ನು ಅಳಿಸುವಂತಿಲ್ಲ. ಅದು ಕಾಣುವಂತೆ ಒಂದು ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ರುಜು ಹಾಕಬೇಕು. ಇಷ್ಟು ವರ್ಷ ತಡವಾಗಿ, ಈ ಸಭೆಯ ಮುಂದೆ ಆ ಗೆರೆಯನ್ನು ಎಳೆಯುತ್ತಿದ್ದೇವೆ. ಎರಡು ಸಾವಿರದ ನೋಟಿನಲ್ಲಿ ಚಿಪ್ಪಿರಲಿಲ್ಲ. ನಾವು ಹೇಳಿದ್ದು ತಪ್ಪು. ಆ ಮಾತನ್ನು ನಂಬಿ ಮನೆಯಲ್ಲಿ ಯಾರಿಗಾದರೂ ಹೇಳಿದ್ದರೆ, ದಯವಿಟ್ಟು ಇದನ್ನೂ ಹೇಳಿ.

ಹೂವಿನ ಅಜ್ಜಿ ಆ ದಿನ ಕೊನೆಗೆ ನೂರರ ನೋಟುಗಳನ್ನೇ ಕೇಳಿ ಪಡೆದು ಹೋದಳು. ನಮ್ಮ ಪೆಟ್ಟಿಗೆಯಲ್ಲಿ ಉಳಿದಿದ್ದ ಕಡೆಯ ನೂರರ ಕಟ್ಟಿನಿಂದ ಕೊಟ್ಟೆವು. ಆಮೇಲೆ ಅವಳನ್ನು ಕಾಣಲಿಲ್ಲ. ಮತ್ತೆ ಕಂಡರೆ ಅವಳ ಪ್ರಶ್ನೆಗೆ ಹೇಳಬೇಕಾದ ಉತ್ತರ ಈಗ ನಮ್ಮಲ್ಲಿದೆ: ಕೆಲವು ಸಲ ಹೇಳುತ್ತಾರಮ್ಮಾ, ನಾವೂ ಹೇಳಿದ್ದೆವು.